ಮೂವತ್ತನೇ ಪುಟದ ಮೈನಸ್

ನಿವೃತ್ತರಾದ ಭೌತಶಾಸ್ತ್ರದ ಮೇಷ್ಟ್ರು ಸಂಜೆಯೊಳಗೆ ವಿಶ್ವವಿದ್ಯಾಲಯದ ಕೊಠಡಿ ಖಾಲಿ ಮಾಡಬೇಕಿತ್ತು. ಮೂವತ್ತಾರು ವರ್ಷ ಕಣ್ಣಿಗೆ ಕಾಣದ ಕಣಗಳ ಬೆನ್ನು ಹತ್ತಿದವರಿಗೆ ಕಣ್ಣಿಗೆ ಕಾಣುವ ಕಾಗದದ ರಾಶಿ ಸಾಕುಸಾಕು ಮಾಡಿತ್ತು. ಬೀರುವಿನ ತಳದಲ್ಲಿ ನೀಲಿ ರಟ್ಟಿನ ನೋಟ್‌ಬುಕ್ಕೊಂದು ಸಿಕ್ಕಿತು. ಇಪ್ಪತ್ತೆರಡು ವರ್ಷದ ಹಿಂದಿನ ಶಿಷ್ಯೆಯದು. ಅವರ ಹತ್ತಿರ ಕಲಿತವರಲ್ಲೆಲ್ಲ ಚುರುಕಾದ ಹುಡುಗಿ.

ಒಂದು ಕಣ ಒಡೆದುಹೋಗುವ ಬಗೆಯನ್ನು ಅವಳು ಎಂಟು ತಿಂಗಳು ಕೂತು ಲೆಕ್ಕ ಹಾಕಿದ್ದಳು. ಮೇಷ್ಟ್ರು ನೇರ ಮೂವತ್ತನೇ ಪುಟ ತೆರೆದು, ಒಂದು ಮೈನಸ್ಸಿಗೆ ಕೆಂಪು ಸುತ್ತು ಹಾಕಿ, ಇಲ್ಲಿಂದ ಮುಂದಿನದೆಲ್ಲ ಕಸ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮೊದಲಿಂದ ಓದುವ ತಾಳ್ಮೆ ಅವರಿಗೆಲ್ಲಿ? ದೊಡ್ಡವರಲ್ಲವೇ! ಹುಡುಗಿ ನೋಟ್‌ಬುಕ್ಕನ್ನು ಮೇಜಿನ ಮೇಲೇ ಬಿಟ್ಟು ಹೋದವಳು ತಿರುಗಿ ಬರಲಿಲ್ಲ. ಹೋದರೆ ಹೋಗಲಿ ಎಂದು ಇವರೂ ಸುಮ್ಮನಾದರು.

ಇವತ್ತು ಮೊದಲ ಪುಟ ತೆರೆದರು. ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ಇಲ್ಲಿ ಕಾಲಕ್ಕೆ ಮೈನಸ್, ಜಾಗಕ್ಕೆ ಪ್ಲಸ್.’

ಕಣಗಳ ಲೆಕ್ಕ ಮಾಡುವವರಲ್ಲಿ ಎರಡು ಪಂಗಡ. ಕೆಲವರು ಹೀಗೆ ಬರೆದರೆ, ಮೇಷ್ಟ್ರ ಕಡೆಯವರು ತಿರುಗಾಮುರುಗಾ. ಎರಡೂ ಸರಿಯೇ, ಒಬ್ಬರ ಪದ್ಧತಿ ಹಿಡಿದು ಇನ್ನೊಬ್ಬರ ಲೆಕ್ಕ ತಿದ್ದಬಾರದು, ಅಷ್ಟೆ. ಮೇಷ್ಟ್ರು ತಿದ್ದಿಬಿಟ್ಟಿದ್ದರು; ಅವರು ಕೆಂಪು ಸುತ್ತು ಹಾಕಿದ ಮೈನಸ್ ಅವಳ ಪದ್ಧತಿಯಲ್ಲಿ ಸರಿಯಾಗೇ ಇತ್ತು. ಊಟ ಬಿಟ್ಟು, ಪೆನ್ಸಿಲ್ ಹಿಡಿದು ಕೊನೆಯ ಪುಟದವರೆಗೂ ನೋಡಿದರು. ಒಂದು ತಪ್ಪೂ ಇರಲಿಲ್ಲ.

ಕಚೇರಿಯ ಗುಮಾಸ್ತರನ್ನು ಕಾಡಿ ನಂಬರ್ ಪಡೆದು ಫೋನ್ ಮಾಡಿದರು. ಅವಳೀಗ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಮೇಷ್ಟ್ರು ಸುತ್ತಿ ಬಳಸದೆ ನಡೆದದ್ದನ್ನು ಹೇಳಿದರು.

“ನಿನ್ನ ಲೆಕ್ಕ ಸರಿಯಾಗೇ ಇತ್ತಮ್ಮ. ತಪ್ಪು ಮಾಡಿದ್ದು ನಾನು.”



“ನನ್ನ ತಲೆ ಇದಕ್ಕಲ್ಲ ಅಂದ್ಕೊಂಡೇ ಇಷ್ಟು ವರ್ಷ ಕಳೆದೆ ಸರ್,” ಎಂದಳು.

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಮೇಷ್ಟ್ರು ಹೇಗೋ ತಡೆದುಕೊಳ್ಳುತ್ತಿದ್ದರು. ಒಂದು ಸಲ ಓದಿ ಹೇಳಿ ಎಂದು ಅವಳು ಕೇಳಿದಳು. ಮೇಷ್ಟ್ರು ಮೊದಲ ಪುಟದಿಂದ ಒಂದು ಸಾಲೂ ಬಿಡದೆ ಓದತೊಡಗಿದರು. ನಾಲ್ಕನೇ ಪುಟದಲ್ಲಿ ಅವಳು ತಡೆದಳು.

“ಸಾಕು ಸರ್. ಬರೆದಿದ್ದು ನಾನೇ. ಆದ್ರೆ ಈಗ ಏನೂ ಅರ್ಥ ಆಗ್ತಿಲ್ಲ.”

ಫೋನ್ ಇಟ್ಟುಬಿಟ್ಟಳು. ಬೀಗದ ಕೈ ಕೇಳಲು ಜವಾನ ಬಂದಾಗ ಮೇಷ್ಟ್ರು ಖಾಲಿ ಕೊಠಡಿಯಲ್ಲಿ ಒಬ್ಬರೇ ಕೂತು ಐದನೇ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದರು.