ಮುಚ್ಚಳ ಮಾವನ ಅಚ್ಚುಕಟ್ಟು

ಆ ಗ್ಯಾರೇಜಿನಲ್ಲಿ ಯಾವ ಪೈಪೂ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬಾಯಿ ತೆರೆದುಕೊಂಡು ಇದ್ದದ್ದಿಲ್ಲ. ಕಣ್ಣಿಗೆ ಬಿದ್ದ ತೂತನ್ನೆಲ್ಲ ಮುಚ್ಚುವುದು ಅದರ ಯಜಮಾನ ಮುದುಕರ ಹುಟ್ಟುಗುಣ. ಬೀದಿಯವರು ಅದಕ್ಕೇ ಅವರನ್ನು ಮುಚ್ಚಳ ಮಾವ ಎನ್ನುತ್ತಿದ್ದರು. "ಬಾಯಿ ಬಿಟ್ಕೊಂಡಿದ್ರೆ ಕಸ ಹೋಗತ್ತೆ, ಕಸ ಹೋದ್ರೆ ಇಂಜಿನ್ನೇ ಹೋಗತ್ತೆ" ಎಂಬುದು ಅವರ ನಲವತ್ತು ವರ್ಷದ ಮಂತ್ರ. ಮಗನಿಗೆ ಗ್ರೀಸು ಕಂಡರಾಗದು, ಅವನು ಶಾಲೆಯ ಮೇಷ್ಟ್ರು. ಹಾಗಾಗಿ ಕೈ ನಡುಗತೊಡಗಿದ ಮೇಲೆ ಅವರು ಗ್ಯಾರೇಜನ್ನು ಸೊಸೆಗೆ ಒಪ್ಪಿಸಿ, ಗುಡಿಸುವುದು, ಒರೆಸುವುದು, ಮುಚ್ಚುವುದು ಇಷ್ಟನ್ನು ತಮಗೆ ಇಟ್ಟುಕೊಂಡಿದ್ದರು.

ಸೊಸೆ ಗಟ್ಟಿಗಿತ್ತಿ. ತನ್ನ ಹಳೆಯ ಕಾರ್ಬುರೇಟರ್ ಕಾರಿಗೆ, ಇಂಜಿನ್ನಿಗೆ ಹೆಚ್ಚು ಗಾಳಿ ಊದುವ ಟರ್ಬೊ ಕೂರಿಸಲು ಎರಡು ವರ್ಷ ಬೆವರು ಹರಿಸಿದ್ದಳು. ಬೀದೀಲಿ ಹೋಗೋ ಮಾರಿನ ಮನೆಗೆ ಕರ್ಕೊಂಡ ಹಾಗಾಯ್ತು ಎಂದು ಪಕ್ಕದ ಲೇತ್ ಅಂಗಡಿಯವನು ನಕ್ಕಿದ್ದ. ಅವನ ಬಾಯಿಗೆ ಸಕ್ಕರೆ ಹಾಕಿದಂತೆ, ಮೂರು ವಾರದ ಹಿಂದೆ ಮೊದಲ ಏರಿನಲ್ಲೇ ಇಂಜಿನ್ ಕೆಮ್ಮಿತು, ಪಿಸ್ಟನ್ ಕರಗಿತು. ಅಂದಿನಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ಪುಸ್ತಕದ ತುಂಬ ಲೆಕ್ಕ ಗೀಚಿ, ಹೊಡೆದುಹಾಕಿ, "ನನ್ನ ತಲೇಲೇ ಮಣ್ಣು" ಎನ್ನುತ್ತಿದ್ದಳು. ಹುಡುಕಿ ತಂದ ಇನ್ನೊಂದು ಜೊತೆ ಪಿಸ್ಟನ್ನೇ ಕೊನೆಯದು. ಇವತ್ತೂ ಸುಟ್ಟರೆ ಟರ್ಬೊ ಬಿಚ್ಚಿಟ್ಟು, ಎಣ್ಣೆ ಬದಲಿಸುವ ಕೆಲಸವಷ್ಟೇ ಮಾಡಿಕೊಂಡಿರುತ್ತೇನೆ ಎಂದು ಬೆಳಿಗ್ಗೆಯೇ ಹೇಳಿದ್ದಳು. ಅವಳು ಹೇಳಿದರೆ ಮುಗಿಯಿತು.

ಲೇತಿನವನು ತಮಾಷೆ ನೋಡಲು ಬಂದು ನಿಂತ. "ಅಲ್ಲಮ್ಮ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪೆಟ್ರೋಲ್ ಪ್ರೆಶರ್ ಮೀಟರು ಐದು ಪೌಂಡು ತೋರಿಸ್ತಿತ್ತು. ಸರಿಯಾಗೇ ಇದೆಯಲ್ಲ?"

"ನಿಂತಾಗ ಸರಿ. ಏರಿನಲ್ಲಿ ಟರ್ಬೊ ಏಳು ಪೌಂಡಿನಲ್ಲಿ ಕಾರ್ಬುರೇಟರ್ ಒಳಗೆ ಗಾಳಿ ಊದತ್ತೆ. ಒಳಗಿನಿಂದ ಏಳು ತಳ್ತಾ ಇದ್ರೆ, ಐದರ ಪೆಟ್ರೋಲು ಒಳಗೆ ಹೋಗೋದು ಹೇಗೆ? ಬರಿಗಾಳಿ ಕುಡಿದು ಪಿಸ್ಟನ್ ಸುಡತ್ತೆ. ಅದಕ್ಕೇ ಪೆಟ್ರೋಲಿನ ಒತ್ತಡ ಹಿಡಿಯೋ ಈ ರೆಗ್ಯುಲೇಟರಿಗೆ ಗಾಳಿ ಪೈಪಿನಿಂದ ಒಂದು ಸಣ್ಣ ರಬ್ಬರ್ ಹೋಸು. ಗಾಳಿ ಎಷ್ಟು ಏರಿತು ಅಂತ ಅದು ಚಾಡಿ ಹೇಳತ್ತೆ, ಇದು ಪೆಟ್ರೋಲನ್ನೂ ಅಷ್ಟೇ ಏರಿಸತ್ತೆ. ಐದೂ ಏಳೂ ಹನ್ನೆರಡು. ಅಷ್ಟಿದ್ರೂ ಯಾಕೆ ಸುಡ್ತೋ ಗೊತ್ತಾಗ್ಲಿಲ್ಲ."

ಮಾವನ ಕೈಯ ಪೊರಕೆ ನಿಂತಿತು. ಸಣ್ಣ ಹೋಸು. ಆ ಮೊದಲ ಏರಿನ ಹಿಂದಿನ ದಿನ, ಅವಳು ಊಟಕ್ಕೆ ಹೋಗಿದ್ದಾಗ, ಒಂದು ತುದಿ ಕಳಚಿ ನೇತಾಡುತ್ತಿದ್ದ ಹೋಸನ್ನು ಅವರು ಕಂಡಿದ್ದರು. ತುದಿಗೆ ಸ್ಕ್ರೂ ತುರುಕಿ, ಅದು ಕೂರಬೇಕಿದ್ದ ತೂತಿಗೆ ಕರಿ ರಬ್ಬರ್ ಟೋಪಿ ಹಾಕಿ, ಹೋಸನ್ನು ದಪ್ಪ ಪೈಪಿನ ಅಡಿಗೆ ಚೆಂದವಾಗಿ ಕಟ್ಟಿದ್ದರು. ಮೇಲಿನಿಂದ ನೋಡಿದವರಿಗೆ ಅದು ಜೋಡಿಸಿದಂತೆಯೇ ಕಾಣಬೇಕು, ಅಷ್ಟು ಅಚ್ಚುಕಟ್ಟು.

ಅವಳು ಕೀಲಿಕೈ ತರಲು ಒಳಗೆ ಹೋದಳು. ಎರಡು ನಿಮಿಷ ಸಾಕಿತ್ತು. ಸದ್ದಿಲ್ಲದೆ ಜೋಡಿಸಿಬಿಟ್ಟರೆ ಕಾರು ಓಡುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಆ ಪಿಸ್ಟನ್ ತನ್ನ ದಡ್ಡತನದಿಂದಲೇ ಸುಟ್ಟಿತೆಂದು ಅವಳು ಸಾಯುವ ತನಕ ನಂಬಿಕೊಂಡಿರುತ್ತಿದ್ದಳು. ಛೆ, ಇದೆಂಥ ಮರ್ಯಾದೆ ಎಂದು ಮುದುಕರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

"ಅಮ್ಮಾ, ನಾನು ಮುಚ್ಚಿದೆ," ಎಂದರು, ಅವಳು ಹೊರಬಂದದ್ದೇ, ಲೇತಿನವನ ಎದುರಿಗೇ. "ಆ ಹೋಸನ್ನ. ಮೊದಲನೇ ಸಲ ಓಡಿಸೋ ಹಿಂದಿನ ದಿನಾನೇ."

ಅವಳು ಪೈಪಿನ ಅಡಿಗೆ ಕೈ ಹಾಕಿ, ತಡಕಿ, ಸ್ಕ್ರೂ ಹೊರಗೆಳೆದಳು. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಈಗ ಸಿಡಿಲು ಬೀಳುತ್ತದೆ ಎಂದು ಮಾವ ತಲೆ ತಗ್ಗಿಸಿದರು.

"ಹಂಗಾದ್ರೆ ನನ್ನ ಲೆಕ್ಕ ಸರಿ ಇತ್ತು," ಎಂದಳು. "ಮಾವ, ನನ್ನ ಲೆಕ್ಕ ಸರಿ ಇತ್ತು! ನೀವು ಹೇಳದೆ ಹೋಗಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ." ಮಸಿ ಮೆತ್ತಿದ ಕೈಯಲ್ಲೇ ಅವರ ಕೈ ಹಿಡಿದುಕೊಂಡಳು. ಮಾಡಿದ ತಪ್ಪಿಗೆ ಬೈಗುಳ ತಿನ್ನಬೇಕಾದವರಿಗೆ ಹೀಗೆ ಧನ್ಯವಾದ ಸಿಕ್ಕಿತು. ಇಂಥವಳು ತಮ್ಮ ಮನೆಗೆ ಬಂದಳಲ್ಲ ಎಂದು ಅವರ ಎದೆ ತುಂಬಿ ಬಂತು. ಲೇತಿನವನು ಮಾತ್ರ ತನಗೇನೋ ಕೆಲಸ ನೆನಪಾದವನಂತೆ ಜಾಗ ಖಾಲಿ ಮಾಡಿದ.

ಟೋಪಿ ಕಿತ್ತು ಹೋಸು ಜೋಡಿಸಿ, ಅವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಳು. "ನಾನು ರಸ್ತೆ ನೋಡ್ತೀನಿ. ನೀವು ಈ ಎರಡು ಮೀಟರಿನ ಮುಳ್ಳು ಓದಿ, ಜೋರಾಗಿ."

ಏರು ಶುರುವಾಯಿತು. ಟರ್ಬೊ ಸಿಳ್ಳೆ ಹಾಕಿತು.

"ಗಾಳಿ ಮೂರು. ಪೆಟ್ರೋಲು ಎಂಟು," ಎಂದರು ಮಾವ. "ಗಾಳಿ ಐದು. ಪೆಟ್ರೋಲು ಹತ್ತು." ಅವಳ ಕಾಲು ಇನ್ನೂ ಕೆಳಗಿಳಿಯಿತು. ಇಂಜಿನ್ ಕೆಮ್ಮಲಿಲ್ಲ. "ಗಾಳಿ ಏಳು..." ಕಣ್ಣು ಮಂಜಾಗಿ ಎರಡನೆಯ ಮುಳ್ಳು ಕಾಣಲಿಲ್ಲ. ತೋಳಿನಿಂದ ಒರೆಸಿಕೊಂಡು ನೋಡಿದರು. "ಹನ್ನೆರಡು, ತಾಯಿ."

"ಇನ್ನೊಂದ್ಸಲ ಹೇಳಿ, ಮಾವ."

"ಹನ್ನೆರಡು."