ಕೊಸರಿಗೆ ಬರೆದ ಸಾಲು

ವಾರಕ್ಕೆ ಒಂದೆರಡು ಸಲವಾದರೂ ನನ್ನ ಕೋಣೆಗೆ ಸುಟ್ಟ ಮೆಂತ್ಯದ ವಾಸನೆ ಬರುತ್ತದೆ. ಬೆಳಗಿನ ಪೇಪರು ಓದಿ ಮುಗಿಸಿ ಕನ್ನಡಕ ಒರೆಸುತ್ತಾ ಕುಳಿತಿರುವಾಗ, ಮೊದಲು ಹಿತವಾಗಿ, ಆಮೇಲೆ ಗಂಟಲಿಗಿಳಿಯುವಷ್ಟು ಕಹಿಯಾಗಿ ಬರುತ್ತದೆ. ನಾನು ಎದ್ದು ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಬಾಣಲೆಗೆ ಅಂಗೈ ತಾಕಿಸಿ ನೋಡುತ್ತೇನೆ. ಅದು ತಣ್ಣಗಿರುತ್ತದೆ. "ಮತ್ತೆ ಬಂತಾ?" ಎಂದು ನನ್ನ ಹೆಂಡತಿ ಹಿತ್ತಲಿನಿಂದಲೇ ಕೇಳುತ್ತಾಳೆ. ಮೊದಮೊದಲು ಅವಳೂ ಮೂಗರಳಿಸಿಕೊಂಡು ಮೂಲೆಮೂಲೆ ಹುಡುಕಿದ್ದಳು. ಈಗ ಅವಳ ಪಾಲಿಗೆ ಅದು ನನ್ನ ಮಂಡಿನೋವಿನಂತೆ ಇನ್ನೊಂದು ಕಾಯಿಲೆ. ಡಾಕ್ಟರು ಮೂಗಿಗೆ ಟಾರ್ಚು ಬಿಟ್ಟು ನೋಡಿ, ಏನೂ ಇಲ್ಲ, ವಯಸ್ಸಾಯಿತು ಅಂದರು. ನಾನು ಹೌದೆಂದು ತಲೆಯಾಡಿಸಿ ಎದ್ದು ಬಂದೆ. ಆ ವಾಸನೆ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತು. ಇಷ್ಟು ವರ್ಷವಾದರೂ ಹೆಂಡತಿಗೂ ಹೇಳಿಲ್ಲ.

ಆಗ ನಾನು ತಿಪ್ಪೇರುದ್ರಪ್ಪನವರ ಆಫೀಸಿನಲ್ಲಿ ಕಿರಿಯ ವಕೀಲನಾಗಿದ್ದೆ. ಅಪಘಾತದ ಕೇಸುಗಳೆಂದರೆ ನಮ್ಮೂರಿನಲ್ಲಿ ಅವರೇ. ಲಾರಿ ಗುದ್ದಿಸಿಕೊಂಡವರು ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅವರ ಬೋರ್ಡು ಓದಿಕೊಂಡು ಹೋಗುತ್ತಾರೆ ಎಂದು ಉಳಿದ ವಕೀಲರು ಹೊಟ್ಟೆಕಿಚ್ಚಿನಿಂದ ತಮಾಷೆ ಮಾಡುತ್ತಿದ್ದರು. ವಾದ ಮಾಡಿ ಗೆಲ್ಲುವುದಕ್ಕಿಂತ ವಿಮಾ ಕಂಪನಿಯವರ ಎದುರು ಕೂತು ರಾಜಿ ಮಾಡಿಕೊಳ್ಳುವುದರಲ್ಲಿ ಅವರಿಗೆ ನಂಬಿಕೆ. "ತೀರ್ಪು ಬರೋ ಹೊತ್ತಿಗೆ ಮುರಿದ ಕಾಲೂ ಇರಲ್ಲ, ಕಾಲಿನ ಯಜಮಾನನೂ ಇರಲ್ಲ ಕಣಯ್ಯ" ಅನ್ನುತ್ತಿದ್ದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರ ದೆಸೆಯಿಂದ ಎಷ್ಟೋ ಮನೆಗಳ ಒಲೆ ಉರಿಯಿತು.

ರಾಜಿಗೆ ಅವರದೇ ಒಂದು ಪದ್ಧತಿಯಿತ್ತು. ಅದಕ್ಕೆ ಅವರು ಕೊಸರು ಎಂದು ಹೆಸರಿಟ್ಟಿದ್ದರು. "ಸೊಪ್ಪಿನವಳು ಮೇಲೊಂದು ಹಿಡಿ ಕೊಸರು ಹಾಕದೆ ಇದ್ರೆ ನಿಮ್ಮಮ್ಮ ಸುಮ್ಮನೆ ತಗೋತಾರಾ? ಕಂಪನಿಯವನೂ ಹಂಗೇ. ನಮ್ಮ ಕೈಯಿಂದ ಏನೋ ಕಿತ್ಕೊಂಡೆ ಅಂತ ಅವನಿಗೆ ಅನ್ನಿಸಬೇಕು. ಕಿತ್ಕೊಳ್ಳೋಕೆ ಅಂತಲೇ ನಾಲ್ಕು ಸಾಲು ಬರೆದಿಟ್ಟಿರಬೇಕು." ಹಾಗಾಗಿ ನಮ್ಮ ಆಫೀಸಿನಿಂದ ಹೋಗುವ ಪ್ರತಿ ಅರ್ಜಿಯಲ್ಲೂ ನಿಜವಾದ ಗಾಯಗಳು ಮುಗಿದ ಮೇಲೆ ನಾಲ್ಕು ಸಾಲು ಇರುತ್ತಿದ್ದವು: ಆಗಾಗ ತಲೆನೋವು, ನಿದ್ದೆ ಬಾರದಿರುವುದು, ತಲೆಸುತ್ತು, ವಾಸನೆ ತಿಳಿಯದಿರುವುದು. ಕಿರುಬೆರಳು ಮುರಿದವನಿಗೂ ಇವೇ ನಾಲ್ಕು, ಬೆನ್ನು ಮುರಿದವನಿಗೂ ಇವೇ ನಾಲ್ಕು. ನಮ್ಮ ಕಡತಗಳನ್ನು ನಂಬುವುದಾದರೆ ಊರಿನ ಅರ್ಧ ಜನಕ್ಕೆ ಮೂಗು ಕೆಲಸ ಮಾಡುತ್ತಿರಲಿಲ್ಲ. ಕಂಪನಿಯವರಿಗೂ ಇದು ಗೊತ್ತಿತ್ತು. ರಾಜಿಯ ದಿನ ಅವರು ಆ ನಾಲ್ಕು ಸಾಲಿನ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಿದ್ದರು, ನಾವು ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದೆವು. ಆಮೇಲೆ ಎಲ್ಲರೂ ಸೇರಿ ಕಾಫಿ ಕುಡಿಯುತ್ತಿದ್ದೆವು.

ಚೆನ್ನಾಜಮ್ಮ ನಮ್ಮಲ್ಲಿಗೆ ಬಂದದ್ದು ಆ ಕಾಲದಲ್ಲಿ. ಐವತ್ತರ ಆಸುಪಾಸಿನ ವಿಧವೆ. ಮನೆಯಲ್ಲೇ ಹುಳಿಪುಡಿ, ಸಾರಿನಪುಡಿ ಮಾಡಿ ಬೀದಿಬೀದಿ ಹೊತ್ತು ಮಾರುತ್ತಿದ್ದಳು. ನಮ್ಮಮ್ಮನೂ ಅವಳ ಗಿರಾಕಿ. ಚಿಕ್ಕಂದಿನಲ್ಲಿ ಪುಡಿ ತರಲು ಹೋದಾಗ ನಾನು ನೋಡಿದ್ದೇನೆ, ಮಬ್ಬುಗತ್ತಲಿನ ಆ ಅಡುಗೆಮನೆಯಲ್ಲಿ ಅವಳು ಕಣ್ಣು ಮುಚ್ಚಿಕೊಂಡು ಮೆಂತ್ಯ ಹುರಿಯುತ್ತಿದ್ದಳು. ಕೈ ಆಡುತ್ತಲೇ ಇರುತ್ತಿತ್ತು. ಇದ್ದಕ್ಕಿದ್ದಂತೆ ಮೂಗಿನ ಹೊಳ್ಳೆ ಅರಳಿ, ಬಾಣಲೆ ಕೆಳಗಿಳಿಯುತ್ತಿತ್ತು. "ಒಂದು ಉಸಿರು ಹೆಚ್ಚಾದ್ರೆ ಕಹಿ ಆಯ್ತದೆ ಮಗ" ಎಂದು ನಕ್ಕಿದ್ದಳು. ಅಂಥವಳನ್ನು ಸಂತೆಪೇಟೆಯ ತಿರುವಿನಲ್ಲಿ ಹಿಂದಕ್ಕೆ ಬರುತ್ತಿದ್ದ ಸಾಮಾನಿನ ವ್ಯಾನೊಂದು ಕೆಡವಿತು. ಬಲಗಾಲು ಮುರಿಯಿತು. ತಲೆಯ ಹಿಂಬದಿ ಕಲ್ಲಿಗೆ ಬಡಿದು ಅರ್ಧ ದಿನ ಪ್ರಜ್ಞೆಯಿರಲಿಲ್ಲ.

ಅರ್ಜಿ ಸಿದ್ಧವಾದ ದಿನ ಕೋಲೂರಿಕೊಂಡು ಬಂದಳು. ಸ್ಟೂಲಿನ ಮೇಲೆ ಕುಳಿತು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು:

"ಸ್ವಾಮಿ, ಕಾಲು ಹೆಂಗೋ ಕೂಡ್ಕಂತು. ಮೂಗಿಗೇ ಏನೂ ತಾಕ್ತಾ ಇಲ್ಲ. ಒಗ್ಗರಣೆ ಮುಂದೆ ಕುಂತ್ರೂ ಅಷ್ಟೆ, ಚರಂಡಿ ಪಕ್ಕ ನಿಂತ್ರೂ ಅಷ್ಟೆ. ಯಾರ್ ಕುಟ್ಟೂ ಹೇಳಿಲ್ಲ. ಹೇಳುದ್ರೆ ಪುಡಿ ಯಾರು ತಗತಾರೆ?"

ನನಗೆ ನಗು ಬಂತು. ಅರ್ಜಿಯ ಕೊನೆಯ ಹಾಳೆ ತಿರುಗಿಸಿ, "ಅದು ಆಗಲೇ ಬರೆದಿದೆ ಕಣಮ್ಮ, ನೋಡಿ ಇಲ್ಲಿ" ಎಂದು ನಾಲ್ಕನೆಯ ಸಾಲು ತೋರಿಸಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಆ ಸಾಲಿನ ಮೇಲೆ ಬೆರಳಾಡಿಸಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು. "ನಾನು ಹೇಳಾಕ್ ಮುಂಚೇನೇ ಬರ್ದಿದೀರಲ್ಲ ಸ್ವಾಮಿ. ಒಳಗಿರಾದು ನಿಮಗೆ ಹೆಂಗೆ ತಿಳೀತು?" ಅಂದಳು. ನಾನೇನೋ ದೊಡ್ಡ ಮನುಷ್ಯನಂತೆ ತಲೆಯಾಡಿಸಿದೆ. ಅವತ್ತೇ ಅವಳನ್ನು ಮೂಗಿನ ಡಾಕ್ಟರ ಹತ್ತಿರ ಕಳಿಸಿ, ಪರೀಕ್ಷೆ ಮಾಡಿಸಿ, ಒಂದು ಚೀಟಿ ಬರೆಸಿಕೊಂಡು ಬಾ ಅನ್ನಬೇಕಿತ್ತು. ಅನ್ನಲಿಲ್ಲ. ಆ ಸಾಲು ಬರೆಯಿಸಿ ಬರೆಯಿಸಿ, ಅದು ಯಾರಿಗಾದರೂ ನಿಜವಾಗಿಯೂ ಆಗಬಹುದು ಎಂಬುದೇ ನನಗೆ ಮರೆತುಹೋಗಿತ್ತು.

ರಾಜಿಯ ದಿನ ತಿಪ್ಪೇರುದ್ರಪ್ಪನವರಿಗೆ ಜ್ವರ. "ನೀನೇ ಮುಗಿಸ್ಕೊಂಡು ಬಾರಯ್ಯ" ಎಂದು ಕಡತ ಕೊಟ್ಟು ಕಳಿಸಿದರು. ನಾನು ಒಬ್ಬನೇ ಕೂತು ಮಾಡಬೇಕಾದ ಮೊದಲ ರಾಜಿ. ಬೆಳಿಗ್ಗೆ ಕನ್ನಡಿಯ ಮುಂದೆ ಎರಡು ಸಲ ಕೋಟು ಸರಿಮಾಡಿಕೊಂಡಿದ್ದೆ. ಕೋರ್ಟಿನ ಉದ್ದನೆಯ ಹಜಾರದಲ್ಲಿ ಮೇಜು ಹಾಕಿದ್ದರು. ಎದುರಿಗೆ ವಿಮಾ ಕಂಪನಿಯ ಅಧಿಕಾರಿ ಪದ್ಮರಾಜಯ್ಯ. ಒಣಕಲು ಆಸಾಮಿ, ನಸ್ಯ ಸೇದುವ ಚಟ. ಗೋಡೆಯ ಪಕ್ಕದ ಬೆಂಚಿನ ಮೇಲೆ ಚೆನ್ನಾಜಮ್ಮ ಕೋಲು ಹಿಡಿದುಕೊಂಡು ಕುಳಿತಿದ್ದಳು. ನಮ್ಮ ಮಾತು ಅವಳಿಗೆ ಕೇಳಿಸುತ್ತಿರಲಿಲ್ಲ, ಮುಖ ಮಾತ್ರ ಕಾಣುತ್ತಿತ್ತು.

"ಕಾಲಿನ ವಿಷಯದಲ್ಲಿ ಡಾಕ್ಟರು ಸ್ವಲ್ಪ ಧಾರಾಳವಾಗಿ ಬರೆದಿದಾರೆ" ಅಂದರು ಪದ್ಮರಾಜಯ್ಯ.

"ನಡೆಸಿ ನೋಡಿ ಸಾರ್" ಅಂದೆ.

ನಾನು ಕೈಸನ್ನೆ ಮಾಡಿದಾಗ ಚೆನ್ನಾಜಮ್ಮ ಬೆಂಚಿನಿಂದ ಬಾಗಿಲವರೆಗೆ ನಡೆದು ತಿರುಗಿ ಬಂದಳು. ಸರಿಯಾಗಿ ನಡೆದೆನೇ ಎಂದು ನನ್ನ ಮುಖ ನೋಡಿದಳು. ಆ ಕುಂಟು ಯಾರ ಕಣ್ಣಿಗಾದರೂ ಕಾಣುವಂಥದ್ದು. ಪದ್ಮರಾಜಯ್ಯ ಮೊತ್ತ ಏರಿಸಿದರು, ನಾನು ಇನ್ನಷ್ಟು ಎಳೆದೆ, ಅವರು ಇನ್ನೊಂದಿಷ್ಟು ಏರಿಸಿದರು. ನನಗೆ ಒಳಗೊಳಗೇ ಹಿಗ್ಗು. ತಿಪ್ಪೇರುದ್ರಪ್ಪನವರೇ ಬಂದಿದ್ದರೂ ಇಷ್ಟು ಬರುತ್ತಿತ್ತೋ ಇಲ್ಲವೋ ಅನ್ನಿಸಿತು. ಆಮೇಲೆ ಅವರು ಪೆನ್ಸಿಲು ತೆಗೆದುಕೊಂಡು ಕೊನೆಯ ಹಾಳೆಗೆ ಬಂದರು. ತಲೆನೋವಿಗೆ ಗೀಟು. ನಿದ್ದೆಗೆ ಗೀಟು. ತಲೆಸುತ್ತಿಗೆ ಗೀಟು. ನಾಲ್ಕನೆಯ ಸಾಲಿಗೆ ಬಂದಾಗ ಪೆನ್ಸಿಲು ನಿಂತಿತು.

"ಈಯಮ್ಮ ಪುಡಿ ಮಾಡೋರಲ್ವೇನ್ರೀ? ನಮ್ಮನೆಗೂ ತರ್ತಿದ್ರು." ಅವರು ಬೆಂಚಿನ ಕಡೆ ನೋಡಿ ದನಿ ತಗ್ಗಿಸಿದರು. "ಇದು ನಿಜಾನಾ, ಇಲ್ಲ ನಿಮ್ಮ ಸಾಹೇಬರ ಕೊಸರಾ? ನಿಜ ಆದರೆ ಡಾಕ್ಟರ ಚೀಟಿ ತರಿಸಿ, ಮುಂದಿನ ತಾರೀಖಿಗೆ ಇಟ್ಟುಕೊಳ್ಳೋಣ. ಅವರ ಕಸುಬೇ ಹೋದಂಗಲ್ವಾ? ಅದನ್ನ ಬೇರೆ ಥರಾನೇ ನೋಡಬೇಕಾಗುತ್ತೆ."

ಅವರು ಕೇಳಿದರು. ಇದನ್ನು ನಾನು ಮುಚ್ಚಿಡುವುದಿಲ್ಲ. ಯಾವ ಅಧಿಕಾರಿಯೂ ಹಾಗೆ ಪೆನ್ಸಿಲು ನಿಲ್ಲಿಸಿ ಕೇಳಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನಾನು ತಿರುಗಿ ಬೆಂಚಿನ ಕಡೆ ನೋಡಿದೆ. ಚೆನ್ನಾಜಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿ ನಕ್ಕಳು. ಮುಂದಿನ ತಾರೀಖೆಂದರೆ ಮೂರು ತಿಂಗಳು. ಅಷ್ಟರಲ್ಲಿ ಇವರಿಗೆ ವರ್ಗವಾದರೆ ಕಾಲಿಗೆ ಒಪ್ಪಿದ್ದೂ ಕೈಬಿಡಬಹುದು. ಜೊತೆಗೆ ಸಂಜೆ ಗುರುಗಳ ಮಂಚದ ಪಕ್ಕ ನಿಂತು 'ಮುಗಿಸಿದೆ ಸಾರ್' ಎಂದು ಹೇಳುವ ಆಸೆ. ಇದೆಲ್ಲಾ ನಾನು ಆಮೇಲೆ ಜೋಡಿಸಿಕೊಂಡ ಕಾರಣಗಳೂ ಇರಬಹುದು. ಆ ಕ್ಷಣಕ್ಕೆ ನಾಲಿಗೆಗೆ ಬಂದದ್ದು ರೂಢಿಯ ಮಾತು.

"ಕೊಸರೇ ಸಾರ್. ಹೊಡೀರಿ" ಅಂದೆ.

ಪದ್ಮರಾಜಯ್ಯ ಇನ್ನೊಂದು ಗಳಿಗೆ ನನ್ನನ್ನೇ ನೋಡಿ, ಗೀಟು ಎಳೆದು, ನಸ್ಯದ ಡಬ್ಬಿ ತೆಗೆದರು.

ಒಪ್ಪಂದದ ಪತ್ರದ ಕೊನೆಯಲ್ಲಿ, ಈ ಅಪಘಾತದ ಬಗ್ಗೆ ಇನ್ನು ಮುಂದೆ ಯಾವ ಹಕ್ಕೂ ಕೇಳುವುದಿಲ್ಲ ಎಂಬ ಮಾತು ಇರುತ್ತದೆ. ಅದನ್ನು ಗುಮಾಸ್ತ ಗಡಗಡನೆ ಓದಿದ. ಚೆನ್ನಾಜಮ್ಮ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು, ಕೈಯನ್ನು ಗಾಳಿಯಲ್ಲೇ ಹಿಡಿದು ಕೇಳಿದಳು: "ಮೂಗಿಂದೂ ಸೇರ್ತಾ ಸ್ವಾಮಿ?"

"ಎಲ್ಲಾ ಸೇರಿದೆ. ಒತ್ತಿ."

ಅವಳು ಒತ್ತಿದಳು.

ಒಂದು ತಿಂಗಳಾದ ಮೇಲೆ ಆಫೀಸಿಗೆ ಬಂದಳು. ಬಂದ ಹಣದಲ್ಲಿ ಸಂತೆಪೇಟೆಯಲ್ಲಿ ಒಂದು ಮಳಿಗೆ ಹಿಡಿದಿದ್ದಳಂತೆ. "ಬೀದಿ ಸುತ್ತಾಕೆ ಕಾಲಿಲ್ವಲ್ಲ, ಜನಾನೇ ಬರ್ಲಿ ಅಂತ. ಕೈ ಅಂದಾಜ್ನಲ್ಲೇ ಹುರೀತಿವ್ನಿ" ಎಂದು ಒಂದು ಪೊಟ್ಟಣ ನನ್ನ ಮುಂದಿಟ್ಟಳು. "ನನ್ನ ಗುಟ್ಟು ಗೊತ್ತಿರೋರು ನೀವೊಬ್ರೇ. ಮೂಸಿ ನೋಡಿ ಹೇಳಿ, ಹೆಂಗದೆ?"

ಪೊಟ್ಟಣ ಬಿಚ್ಚಿದೆ. ಮೆಂತ್ಯ ಸೀದಿತ್ತು. ಮೆಣಸಿನಕಾಯಿಯ ಕೆಂಪಿನಲ್ಲಿ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ, ಮೂಗಿಗೆ ಮಾತ್ರ ರಾಚುತ್ತಿತ್ತು. ಅವತ್ತು, ಆ ವಾಸನೆ ಹೊಡೆದ ಕ್ಷಣದಲ್ಲಿ, ಆ ಸಾಲು ನಿಜವೆಂದು ನನಗೆ ತಿಳಿಯಿತು. ಅವಳು ಮುಂದಕ್ಕೆ ಬಾಗಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ಘಮಘಮ ಅಂತಿದೆ ಕಣಮ್ಮ" ಅಂದೆ.

ಅವಳ ಮುಖ ಅರಳಿದ್ದು ನೋಡಿ, ಒಳ್ಳೆಯದನ್ನೇ ಮಾಡಿದೆನೇನೋ ಅಂದುಕೊಂಡೆ. ನಿಜ ಹೇಳಿದರೆ ಮೂಗಿನ ಪಾಲಿಗೆ ಎಷ್ಟು ಬಂತೆಂದು ಮುಂದೆ ಕೇಳುತ್ತಾಳಲ್ಲ, ಅದರ ಹೆದರಿಕೆಯೂ ಇತ್ತು. ಆಮೇಲೆ ತಿಂಗಳು ತಿಂಗಳೂ ಬಂದಳು. ತಿಂಗಳು ತಿಂಗಳೂ ಪೊಟ್ಟಣ, ಅದೇ ಪ್ರಶ್ನೆ, ಅದೇ ಘಮಘಮ. ಒಂದು ಸಲ ಮನೆಗೆ ಒಯ್ದೆ. ಅಮ್ಮ ಸಾರಿನ ಸೌಟು ಕೆಳಗಿಟ್ಟು, "ಚೆನ್ನಾಜಿ ಕೈಗೆ ಏನಾಯ್ತೋ?" ಅಂದಳು. ಆಮೇಲೆ ಕೊಟ್ಟ ಪೊಟ್ಟಣಗಳನ್ನೆಲ್ಲ ದಾರಿಯಲ್ಲೇ ಸುರಿದು ಬಂದೆ. ಊರಿನವರೂ ನನ್ನ ಹಾಗೆಯೇ. ಕುಂಟುವ ಹೆಂಗಸಿಗೆ ಮುಖ ಮುರಿಯುವಂತೆ ಹೇಳುವುದು ಹೇಗೆ ಎಂದುಕೊಂಡು ಒಬ್ಬರೂ ಬಾಯಿಬಿಡಲಿಲ್ಲ. ಬರುವುದನ್ನು ಮಾತ್ರ ನಿಲ್ಲಿಸಿದರು.

ಎಂಟನೆಯ ಸಲ ಬಂದಾಗ ಅವಳು ಕೂರಲಿಲ್ಲ. ಪೊಟ್ಟಣ ಮೇಜಿನ ಮೇಲಿಟ್ಟು ನಿಂತೇ ಇದ್ದಳು. ಬಿಚ್ಚುವ ಮೊದಲೇ ಕಣ್ಣಲ್ಲಿ ನೀರು ಬರುವಂಥ ಕಮಟು. ನಾನು ಉಸಿರು ಬಿಗಿಹಿಡಿದು, ಬಗ್ಗಿ ಮೂಸಿದಂತೆ ಮಾಡಿ, "ಘಮಘಮ" ಅಂದೆ.

ಚೆನ್ನಾಜಮ್ಮ ಕೋಲನ್ನು ಮೇಜಿಗೆ ಒರಗಿಸಿದಳು.

"ಮಳಿಗೆ ಮುಂದೆ ಈಗ ನೊಣಾನೂ ಬರಾಕಿಲ್ಲ ಸ್ವಾಮಿ. ಚೆಂದಾಗದೆ ಅನ್ನೋರು ಈ ಊರಲ್ಲಿ ನೀವೊಬ್ರೇ. ಅದ್ಕೇ ಇವತ್ತು ಬೇಕಂತ್ಲೇ ಸುಟ್ಟೆ. ಇದ್ದಿಲಾಗೋಗಂಟ ಬಿಟ್ಟು, ಬಿಸಿಲಿಗೆ ತಂದು ಕಣ್ಣಲ್ಲಿ ನೋಡಿ, ಆಮೇಲೆ ಕುಟ್ಟಿ ತಂದೆ."

ನಾನು ಪೊಟ್ಟಣದಿಂದ ಮುಖ ಹಿಂದಕ್ಕೆ ತೆಗೆದೆ.

"ಅಂಗಾದ್ರೆ" ಎಂದು ಅವಳು ನಿಧಾನವಾಗಿ ಕೇಳಿದಳು, "ಅವತ್ತು ಎಲ್ಲಾ ಸೇರದೆ ಅಂದ್ರಲ್ಲ, ಅದೂ ಇಂಗೇನಾ ಸ್ವಾಮಿ?"

ಬೈದಿದ್ದರೆ, ಬಾಯಿ ಮಾಡಿದ್ದರೆ, ನಾನೂ ಏನಾದರೊಂದು ಸಮಜಾಯಿಷಿ ಹೇಳುತ್ತಿದ್ದೆ. ಅವಳು ಉತ್ತರಕ್ಕಾಗಿ ಕಾದಳು. ಬೆಂಚಿನ ಮೇಲೆ ಕುಳಿತು ನೋಡಿದ್ದಂತೆಯೇ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಅಷ್ಟು ಅವಳಿಗೆ ಸಾಕಾಯಿತು. ಕೋಲಿನ ಸದ್ದು ಮೆಟ್ಟಿಲಿಳಿದು, ಬೀದಿಗಿಳಿದು, ಕೇಳಿಸದಾಗುವವರೆಗೂ ನಾನು ಹಾಗೇ ಕುಳಿತಿದ್ದೆ.

ಮರುದಿನ ತಿಪ್ಪೇರುದ್ರಪ್ಪನವರಿಗೆ ಎಲ್ಲವನ್ನೂ ಹೇಳಿದೆ. "ರಾಜಿ ಆಗಿದ್ದು ಆಗಿಹೋಯ್ತು. ಹೆಬ್ಬೆಟ್ಟು ಬಿದ್ದಿದೆ. ಮೂಗಿಗೆ ಪರಿಹಾರ ಕೇಳೇ ಇರಲಿಲ್ಲ ಅನ್ನೋಣ ಅಂದ್ರೆ, ಕೇಳಿ ಆಮೇಲೆ ನಾವೇ ಕೈಬಿಟ್ಟಿದೀವಲ್ಲಯ್ಯ, ಗೀಟೂ ಅಲ್ಲೇ ಇದೆ" ಅಂದರು. ಆ ದಿನದಿಂದ ಆಫೀಸಿನಲ್ಲಿ ಕೊಸರು ನಿಂತಿತು. ನನಗೆ ಸಮಾಧಾನವಾಗಲಿಲ್ಲ. ಪದ್ಮರಾಜಯ್ಯನವರ ಹತ್ತಿರ ಹೋದೆ. ಅವರು ಡಬ್ಬಿ ತೆರೆದವರು ಹಾಗೆಯೇ ಮುಚ್ಚಿ, "ನಾನು ಕೇಳಿದೆ ಅಲ್ವೇನ್ರೀ?" ಅಂದರು.

ಸಂತೆಪೇಟೆಗೆ ಹೋದಾಗ ಮಳಿಗೆಗೆ ಬೀಗ. ತಂಗಿಯ ಊರಿಗೆ ಹೋದಳೆಂದು ಪಕ್ಕದ ಬಳೆಯಂಗಡಿಯವನು ಹೇಳಿದ. ಯಾವ ಊರೆಂದು ಅವನಿಗೂ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ದೊಡ್ಡ ಬಾಣಲೆಯನ್ನು ಬೋರಲು ಹಾಕಿದ್ದರು. ಯಾಕೋ ಬಗ್ಗಿ ಅದಕ್ಕೆ ಅಂಗೈ ತಾಕಿಸಿದೆ. ತಣ್ಣಗಿತ್ತು. ಆ ಸಂಜೆ ಮನೆಯಲ್ಲಿ, ಒಲೆಯನ್ನೇ ಹಚ್ಚಿರದ ಹೊತ್ತಿನಲ್ಲಿ, ಆ ವಾಸನೆ ಮೊದಲ ಸಲ ಬಂತು.

ಮೊನ್ನೆ ಮತ್ತೆ ಬಂತು. ಪೇಪರು ಮಡಿಸಿಟ್ಟು ಕನ್ನಡಕ ಒರೆಸುತ್ತಿದ್ದೆ. ಬಂದೆಯಾ ಚೆನ್ನಾಜಮ್ಮ ಅಂದುಕೊಂಡೆ. ಏಳುವುದಕ್ಕೆ ಮಂಡಿ ಒಪ್ಪಲಿಲ್ಲ. ಎದ್ದು ಮಾಡುವುದಾದರೂ ಏನು, ಬಾಣಲೆ ತಣ್ಣಗಿರುತ್ತದೆ ಎಂದು ಕಣ್ಣು ಮುಚ್ಚಿ ಕುಳಿತೆ. ವಾಸನೆ ಹಿತವಾಗಿದ್ದದ್ದು ಕಹಿಯಾಯಿತು, ಕಹಿಯಾದದ್ದು ಕಮಟಾಯಿತು. ನನ್ನ ಪಾಲಿನದು ಎಂದು ಸುಮ್ಮನೆ ಉಸಿರಾಡುತ್ತಿದ್ದೆ. ಹಿತ್ತಲಿನಿಂದ ಹೆಂಡತಿ ಓಡಿಬಂದ ಸದ್ದಾಯಿತು. ಕಣ್ಣು ಬಿಟ್ಟರೆ ಕೋಣೆಯ ತುಂಬ ಹೊಗೆ.

"ಮೆಂತ್ಯ ಒಲೆ ಮೇಲಿಟ್ಟು ಎರಡು ನಿಮಿಷ ಆಚೆ ಹೋಗಿದ್ದೆ. ಇಷ್ಟೊಂದು ಸೀದುಹೋಗಿದೆಯಲ್ರೀ, ಇಲ್ಲೇ ಕೂತಿದೀರಿ, ನಿಮಗೆ ಮೂಗಿರಲಿಲ್ವಾ?"

ನಾನು ಗೋಡೆ ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದೆ. ಅವಳು ಒಲೆ ಆರಿಸಿ ಕಿಟಕಿ ತೆರೆದಿದ್ದಳು. ಕಪ್ಪಗಾದ ಕಾಳುಗಳು ಇನ್ನೂ ಚಿಟಿಚಿಟಿ ಅನ್ನುತ್ತಿದ್ದವು. ನಾನು ಬಾಣಲೆಗೆ ಅಂಗೈ ತಾಕಿಸಿದೆ.