ಒಂದು ಹನಿ ಹಳದಿ

"ಕಣ್ಣು ಮುಚ್ಕೊಳ್ಳಿ. ಇಣುಕಿದ್ರೆ ಆಟ ಕ್ಯಾನ್ಸಲ್," ಎಂದಳು ಹೆಂಡತಿ.

ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವ ಆಸಾಮಿ ಎರಡೂ ಹೆಬ್ಬೆರಳನ್ನು ಕೌಂಟರಿನ ಮೇಲೆ ಚಾಚಿ ಕಣ್ಣು ಮುಚ್ಚಿದ. ಒಂದೊಂದು ಉಗುರಿನ ಮೇಲೂ ತಣ್ಣನೆಯದೊಂದು ಚುಕ್ಕೆ ಬಿತ್ತು. ಎರಡೂ ಈ ವರ್ಷ ಎಲ್ಲರೂ ಕೇಳುವ ತಿಳಿಹಸಿರು. ಒಂದಕ್ಕೆ ಮಾತ್ರ ಅವಳು ಒಂದು ಹನಿ ಹಳದಿ ಹೆಚ್ಚು ಸೇರಿಸಿದ್ದಳು. ಯಾವುದಕ್ಕೆ ಎಂಬುದು ಅವಳಿಗಷ್ಟೇ ಗೊತ್ತು. ಲಸಿಕೆ ಹಾಕಿಸಿಕೊಂಡ ಮೇಲೆ ಅವನು ಅದನ್ನು ಸರಿಯಾಗಿ ಹೇಳಿದರೆ ಕಣ್ಣು ನೆಟ್ಟಗಿದೆ ಎಂದು ಅರ್ಥ. ಗಂಡ ಹೆಂಡತಿ ಮಾಡಿಕೊಂಡ ಒಪ್ಪಂದ ಇದು.

ಸೋಮವಾರದಿಂದ ಲಸಿಕೆಯ ಚೀಟಿ ಇಲ್ಲದವರು ಅಂಗಡಿಯೊಳಗೆ ಕಾಲಿಡುವಂತಿಲ್ಲ ಎಂದು ಹುಕುಂ ಬಂದಿತ್ತು. ಆದರೂ ಅವನು ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ. ಔಷಧಿಗೆ ಹೆದರುವವನೇನಲ್ಲ. ಕಾಯಿಲೆ ಬಂದಾಗ ಮೂಗು ಕೆಂಪಾಗುವಷ್ಟು ಹಬೆ ತೆಗೆದುಕೊಂಡಿದ್ದ, ನೆರೆಯವರು ಹೇಳಿದ್ದನ್ನೆಲ್ಲ ಕುದಿಸಿ ಕುಡಿದಿದ್ದ, ಭಾವಮೈದ ಫೋನಿನಲ್ಲಿ ಹೇಳಿದ ಗುಲಾಬಿ ಮಾತ್ರೆಯನ್ನೂ ನುಂಗಿದ್ದ. ಅದು ಜಂತುಹುಳದ ಮಾತ್ರೆ ಎಂದು ಡಾಕ್ಟರು ಆಮೇಲೆ ನಕ್ಕಿದ್ದರು.

ಅವನ ಭಯ ಬೇರೆ. ಜ್ವರ ಬಿಟ್ಟ ವಾರ ಅವನು ಬೆರೆಸಿಕೊಟ್ಟ ಎರಡನೇ ಡಬ್ಬಿ ಮೊದಲಿನದಕ್ಕೆ ಹೊಂದದೆ ಟೀಚರಮ್ಮನೊಬ್ಬರ ಗೋಡೆ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು ಬಣ್ಣವಾಗಿತ್ತು. ಮೂವತ್ತು ವರ್ಷದಲ್ಲಿ ಅದೇ ಮೊದಲ ತಪ್ಪು. ಆ ಜ್ವರಕ್ಕೇ ಕಣ್ಣು ಕೆಟ್ಟಿತು, ಸೂಜಿ ಚುಚ್ಚಿಸಿಕೊಂಡು ಮತ್ತೆ ಜ್ವರ ಬಂದರೆ ಬಣ್ಣ ಗುರುತಿಸುವ ಶಕ್ತಿ ಪೂರ್ತಿ ಹೋಗುತ್ತದೆ ಎಂದು ಒಳಗೊಳಗೇ ಕೊರಗುತ್ತಿದ್ದ. ನಿನ್ನೆ ಹೆಂಡತಿಯ ಮುಂದೆ ಬಾಯಿಬಿಟ್ಟ.

ಅವಳು ನಗಲಿಲ್ಲ. "ಅವತ್ತು ಉಗುರಿನ ಮೇಲೆ ಒಣಗೋ ತನಕ ಕಾದ್ರಾ?" ಎಂದಷ್ಟೇ ಕೇಳಿದಳು.

ಒಣಗಿದರೆ ಬೇರೆಯೇ ಕಾಣುವ ಹಸಿ ಬಣ್ಣವನ್ನು ಅವನು ಎಂದೂ ನಂಬಿದವನಲ್ಲ. ಉಗುರಿಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆಯೇ ಮಾದರಿಯ ಪಕ್ಕ ಹಿಡಿದು ನೋಡುವುದು ಅವನ ಕ್ರಮ. ಅಂದು ಸುಸ್ತಿನಲ್ಲಿ ಕಾದಿರಲಿಲ್ಲ. ಸಮಾಧಾನವೇನೋ ಆಯಿತು, ಆದರೆ ಧೈರ್ಯ ಬರಲಿಲ್ಲ. ಅದಕ್ಕೇ ಈ ಪರೀಕ್ಷೆ.

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೆಂಡತಿಯ ಜೊತೆ ಲಸಿಕೆ ಹಾಕುವ ಶಾಲೆಗೆ ಹೋದ. ಅಲ್ಲಿಯ ಗೋಡೆಗೂ ಅದೇ ತಿಳಿಹಸಿರು. ಎರಡು ವರ್ಷ ಆಸ್ಪತ್ರೆಯ ಹಸಿರು ಕಂಡು ನಡುಗಿದ ಜನ ಈಗ ಅದನ್ನೇ ಮನೆಮನೆಗೆ ಬಳಿಸುತ್ತಿದ್ದಾರೆ, ಕಂಪನಿಯವರು ಅದಕ್ಕೆ 'ನೆಮ್ಮದಿ' ಎಂದು ಹೆಸರು ಬೇರೆ ಇಟ್ಟಿದ್ದಾರೆ ಎಂದು ಗೊಣಗುತ್ತ ತೋಳು ಕೊಟ್ಟ. ಗೊಣಗಿ ಮುಗಿಯುವುದರೊಳಗೆ ಸೂಜಿ ಹೊರಗೆ ಬಂದಿತ್ತು.

ಅರ್ಧ ಗಂಟೆ ಕೂತೇ ಹೋಗಬೇಕು ಎಂದಳು ನರ್ಸ್. ಬಣ್ಣ ಒಣಗಲು ಅಷ್ಟು ಹೊತ್ತು ಧಾರಾಳವಾಯಿತು. ಬೆಂಚಿನ ತುದಿಯಲ್ಲಿ ಕೈ ಬೆನ್ನ ಹಿಂದೆಯೇ ಇಟ್ಟುಕೊಂಡು ಕೂತ. ಸಮಯ ಆಗುತ್ತಲೇ ಕಿಟಕಿಯ ಬಳಿ ಹೋಗಿ ಎರಡೂ ಹೆಬ್ಬೆರಳನ್ನು ಜೋಡಿಸಿ ಬೆಳಕಿಗೆ ಹಿಡಿದ. ಎರಡೂ ಒಂದೇ ಥರ ಕಂಡವು. ಕೈಯನ್ನು ತುಸು ವಾಲಿಸಿ ಮತ್ತೆ ನೋಡಿದ.

"ಎಡಗೈದು," ಎಂದ ಮೆಲ್ಲಗೆ. "ಎಡಗೈದಕ್ಕೆ ಹಳದಿ ಜಾಸ್ತಿ."

ಹೆಂಡತಿ ನಕ್ಕಳು. ಚೀಲ ಹೆಗಲಿಗೇರಿಸಿಕೊಂಡು, "ನಡೀರಿ, ಸೋಮವಾರದಿಂದ ಅಂಗಡಿಗೆ ನಿಮ್ಗೆ ಊಟದ ಡಬ್ಬಿ ಕಟ್ಟಬೇಕಲ್ಲ," ಎಂದಳು.

ಉಗುರುಗಳಿಂದ ಕಣ್ಣು ಕೀಳದೆ, ಎರಡೂ ಹೆಬ್ಬೆರಳನ್ನು ಎತ್ತಿ ಹಿಡಿದುಕೊಂಡೇ ಅವನು ಅವಳ ಹಿಂದೆ ಹೊರಟ. ಬಾಗಿಲಲ್ಲಿ ನಿಂತಿದ್ದ ನರ್ಸ್ ನಕ್ಕು ತನ್ನ ಹೆಬ್ಬೆರಳನ್ನೂ ಎತ್ತಿದಳು.